ಕನ್ವೇಯರ್: ಮಂಗಳೂರಿನಲ್ಲಿ ಸಾಗಣೆ ಪಟ್ಟಿಯ ಬಳಕೆ

ಸರಕನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಡೆಬಿಡದೆ ಸಾಗಿಸುವ ಯಂತ್ರವ್ಯವಸ್ಥೆಗೆ ಕನ್ವೇಯರ್ ಎಂದು ಹೆಸರು. ಲಾರಿಯಾಗಲಿ ಕ್ರೇನಾಗಲಿ ಒಂದು ಹೊರೆ ಇಳಿಸಿ, ಖಾಲಿಯಾಗಿ ಮರಳಿ, ಮತ್ತೊಂದನ್ನು ಹೊರಬೇಕು. ಕನ್ವೇಯರಿನಲ್ಲಿ ಯಂತ್ರ ಇದ್ದಲ್ಲೇ ಇರುತ್ತದೆ, ಸರಕು ಮಾತ್ರ ಹರಿಯುತ್ತದೆ. ತಾಂತ್ರಿಕ ಬರಹಗಳಲ್ಲಿ ಇದು ‘ವಾಹಕ ಪಟ್ಟಿ’ ಅಥವಾ ‘ಸಾಗಣೆ ಪಟ್ಟಿ’. ಪಣಂಬೂರು, ಬೈಕಂಪಾಡಿಯ ಕಾರ್ಖಾನೆಗಳಲ್ಲಿ ದುಡಿಯುವವರು ಇಷ್ಟುದ್ದ ಹೇಳುವುದಿಲ್ಲ, ‘ಬೆಲ್ಟ್’ ಎಂದರೆ ಮುಗಿಯಿತು. ಬೆಲ್ಟ್ ನಿಂತಿತು, ಬೆಲ್ಟ್ ಹರಿಯಿತು, ಬೆಲ್ಟ್ ಪಕ್ಕಕ್ಕೆ ಓಡಿತು ಎಂಬುವು ಅಲ್ಲಿನ ನಿತ್ಯದ ಮಾತುಗಳು.

ವಕೀಲರ ಬಾಯಲ್ಲಿ ಇದೇ ಪದಕ್ಕೆ ಇನ್ನೊಂದು ಅರ್ಥವಿದೆ: ಸ್ಥಿರಾಸ್ತಿಯ ಹಕ್ಕನ್ನು ಪತ್ರದ ಮೂಲಕ ಇನ್ನೊಬ್ಬರಿಗೆ ದಾಟಿಸುವವನು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಅಡಿ ಬರೆಸುವ ಕ್ರಯಪತ್ರ, ದಾನಪತ್ರಗಳೆಲ್ಲ ‘ಕನ್ವೇಯನ್ಸ್’ ಸಾಲಿಗೆ ಸೇರುತ್ತವೆ. ಮೂಲಗೇಣಿಯಂಥ ಹಳೆಯ ಹಿಡುವಳಿಗಳ ತೊಡಕಿರುವ ಮಂಗಳೂರಿನ ನೋಂದಣಿ ಕಚೇರಿಗಳಲ್ಲಿ ಆ ಬಗೆಯ ಸಾಗಣೆಗೂ ಕೆಲಸ ಬೇಕಾದಷ್ಟಿದೆ. ಈ ಲೇಖನದ ವಿಷಯ ಅದಲ್ಲ, ಯಂತ್ರ.

ಹಿಂದೆ ಪಶ್ಚಿಮ ಘಟ್ಟ, ಮುಂದೆ ಅರಬ್ಬೀ ಸಮುದ್ರ, ನಡುವೆ ಕಿರಿದಾದ ಇಳಿಜಾರು. ಭಾರದ ಸರಕು ಮೇಲಿನಿಂದ ಇಳಿದು ಕಡಲಿಗೆ, ಇಲ್ಲವೇ ಕಡಲಿನಿಂದ ಏರಿ ಘಟ್ಟದ ಮೇಲಕ್ಕೆ ಹೋಗಬೇಕಾದ ಊರು ಮಂಗಳೂರು. ನೇತ್ರಾವತಿ ಮತ್ತು ಗುರುಪುರ ನದಿಗಳು ಸೇರುವಲ್ಲಿನ ಹಳೆ ಬಂದರಿನಲ್ಲಿ ಈ ಕೆಲಸವನ್ನು ಹಮಾಲಿಗಳ ತಲೆ ಮತ್ತು ಭುಜಗಳು ಮಾಡುತ್ತಿದ್ದವು. ಲಕ್ಷದ್ವೀಪಕ್ಕೆ ಹೊರಡುವ ಮಂಜಿ ದೋಣಿಗಳಿಗೆ ಮೂಟೆ ಏರಿಸುವುದು ಹಲಗೆಯ ಮೇಲೆ ಸಾಲಾಗಿ ನಡೆದೇ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಶುರುಮಾಡಿದ ಹಂಚಿನ ಕಾರ್ಖಾನೆ, ಅದರ ಬೆನ್ನಿಗೇ ಬಂದ ಆಲ್ಬುಕರ್ಕ್ ಕಾರ್ಖಾನೆ, ಮತ್ತೆ ನದಿದಂಡೆಯುದ್ದಕ್ಕೂ ಎದ್ದ ಹತ್ತಾರು ಚಿಮಣಿಗಳ ಕಥೆಯೂ ಅಷ್ಟೆ. ಮಣ್ಣು ದೋಣಿಯಲ್ಲಿ ಬರುತ್ತಿತ್ತು, ಬುಟ್ಟಿಯಲ್ಲಿ ಇಳಿಯುತ್ತಿತ್ತು, ಹದವಾದ ಮೇಲೆ ಅಚ್ಚಿಗೆ ಹೋಗುತ್ತಿತ್ತು. ಹಸಿ ಹಂಚು ಒಣಗುವ ಅಟ್ಟಕ್ಕೂ, ಒಣಗಿದ್ದು ಗೂಡಿಗೂ ಕೈಯಿಂದ ಕೈಗೆ ಸಾಗುತ್ತಿತ್ತು. ಕೆಲವು ಕಾರ್ಖಾನೆಗಳು ಮಣ್ಣನ್ನು ಅರೆಯುವ ಯಂತ್ರಕ್ಕೆ ಏರಿಸಲು ಬೆಲ್ಟ್ ಹಾಕಿಕೊಂಡದ್ದು ಎಷ್ಟೋ ಕಾಲದ ಮೇಲೆ. ಅಷ್ಟರಲ್ಲಿ ಕಾಂಕ್ರೀಟ್ ತಾರಸಿ ಬಂದು ಹಂಚಿನ ಗಿರಾಕಿಯೇ ಕಡಿಮೆಯಾಗಿದ್ದ.

ಅದಿರು ಹೊರಬಲ್ಲ ರಬ್ಬರ್ ಪಟ್ಟಿಯ ಕನ್ವೇಯರ್ ರೂಪುಗೊಂಡದ್ದು ಅಮೆರಿಕದಲ್ಲಿ. 1890ರ ದಶಕದಲ್ಲಿ ಥಾಮಸ್ ರಾಬಿನ್ಸ್ ಎಂಬಾತ ಎಡಿಸನ್‌ನ ಅದಿರು ಕಾರ್ಖಾನೆಗಾಗಿ ಬಟ್ಟೆಯ ಪಟ್ಟಿಗೆ ರಬ್ಬರ್ ಹೊದಿಸಿ ಸವಕಳಿಯ ಸಮಸ್ಯೆ ಬಗೆಹರಿಸಿದ. 1913ರಲ್ಲಿ ಹೆನ್ರಿ ಫೋರ್ಡ್ ಕಾರು ಜೋಡಣೆಗೆ ಚಲಿಸುವ ಸಾಲನ್ನು ತಂದ ಮೇಲೆ ಪದ ಮನೆಮಾತಾಯಿತು. ಮಂಗಳೂರಿಗೆ ಬೆಲ್ಟ್ ಬರುವ ಮೊದಲೇ ಕರ್ನಾಟಕದಲ್ಲಿ ಇದಕ್ಕೆ ದಾಯಾದಿಯೊಂದು ಇತ್ತು. ಭದ್ರಾವತಿಯ ಕಬ್ಬಿಣ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಅದಿರು ತೊಟ್ಟಿಲುಗಳಲ್ಲಿ ಕೂತು ತಂತಿಹಗ್ಗದ ಮೇಲೆ ಬೆಟ್ಟ ಇಳಿಯುತ್ತಿತ್ತು.

ಮಂಗಳೂರಿಗೆ ಕನ್ವೇಯರ್ ದೊಡ್ಡ ಪ್ರಮಾಣದಲ್ಲಿ ಬಂದದ್ದು ನವಮಂಗಳೂರು ಬಂದರಿನ ಜೊತೆ. ಪಣಂಬೂರಿನ ಈ ಬಂದರು 1974ರಲ್ಲಿ ದೇಶದ ಪ್ರಧಾನ ಬಂದರುಗಳ ಸಾಲಿಗೆ ಸೇರಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು. ಮರುವರ್ಷ, 1976ರ ಏಪ್ರಿಲ್‌ನಲ್ಲಿ, ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. ಹಣ ಇರಾನಿನ ಶಾ ಸರ್ಕಾರದ್ದು, ಅದಿರು ಹೋಗಬೇಕಾದದ್ದೂ ಅಲ್ಲಿಗೇ. 1979ರ ಕ್ರಾಂತಿಯಲ್ಲಿ ಶಾ ಪದಚ್ಯುತನಾದ, ಹಣವೂ ನಿಂತಿತು, ಗಿರಾಕಿಯೂ ಕೈತಪ್ಪಿದ. ಆದರೆ ಗಣಿ, ಕೊಳವೆ, ಬಂದರಿನ ಯಂತ್ರಗಳೆಲ್ಲ ಆ ಹೊತ್ತಿಗೆ ಬಹುಪಾಲು ಸಿದ್ಧವಾಗಿದ್ದವು. ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಿಕೊಂಡು 1980ರ ದಶಕದ ಆರಂಭದಲ್ಲಿ ರಫ್ತು ಶುರುವಾಯಿತು.

ಕುದುರೆಮುಖದ್ದು ಕಡಿಮೆ ದರ್ಜೆಯ ಮ್ಯಾಗ್ನಟೈಟ್. ಅದನ್ನು ಅಲ್ಲೇ ನುಣ್ಣಗೆ ಅರೆದು, ಕಬ್ಬಿಣದ ಅಂಶವನ್ನು ಬೇರ್ಪಡಿಸಿ, ನೀರು ಬೆರೆಸಿ ಗಂಜಿಯಂತೆ ಮಾಡಿ 67 ಕಿ.ಮೀ. ಉದ್ದದ ಉಕ್ಕಿನ ಕೊಳವೆಯಲ್ಲಿ ಪಣಂಬೂರಿಗೆ ಬಿಡುತ್ತಿದ್ದರು. ಪಟ್ಟಿಯಿಲ್ಲದ ಈ ಕೊಳವೆಯೂ ಕೆಲಸದಲ್ಲಿ ಕನ್ವೇಯರೇ. ಘಟ್ಟದ ಎತ್ತರವೇ ಇಲ್ಲಿ ದೊಡ್ಡ ಚಾಲಕ ಶಕ್ತಿ. ಕಷ್ಟವಿರುವುದು ವೇಗದಲ್ಲಿ: ನಿಧಾನವಾದರೆ ಅದಿರಿನ ಪುಡಿ ಕೊಳವೆಯ ತಳದಲ್ಲಿ ಕೂತು ದಾರಿ ಕಟ್ಟುತ್ತದೆ, ಜೋರಾದರೆ ಕೊಳವೆಯ ಒಳಮೈಯನ್ನೇ ತಿನ್ನುತ್ತದೆ. ವರ್ಷಕ್ಕೆ 75 ಲಕ್ಷ ಟನ್ ಸಾಂದ್ರೀಕೃತ ಅದಿರಿಗೆ ಯೋಜಿಸಿದ್ದ ಈ ವ್ಯವಸ್ಥೆಯ ಬದಲು ಲಾರಿಗಳು ಓಡಿದ್ದರೆ ಕಾರ್ಕಳದ ಕಡೆಯ ಘಟ್ಟದ ರಸ್ತೆ ಏನಾಗುತ್ತಿತ್ತು ಎಂಬುದನ್ನು ಓದುಗರೇ ಊಹಿಸಬಹುದು.

ಪಣಂಬೂರಿನಲ್ಲಿ ನೀರು ಸೋಸಿ ತೆಗೆದ ಮೇಲೆ ಬೆಲ್ಟಿನ ಕೆಲಸ. ಒದ್ದೆಪುಡಿ ಬೆಲ್ಟಿನ ಮೇಲೆ ದಾಸ್ತಾನಿಗೆ ಹೋಗುತ್ತಿತ್ತು. ಅಲ್ಲಿ ಸ್ಟ್ಯಾಕರ್ ಎಂಬ ಉದ್ದ ತೋಳಿನ ಯಂತ್ರ ಅದನ್ನು ರಾಶಿ ಹಾಕುತ್ತಿತ್ತು. ಹಡಗು ಬಂದಾಗ ರಿಕ್ಲೇಮರಿನ ಚಕ್ರಕ್ಕೆ ಜೋಡಿಸಿದ ಬಕೆಟ್‌ಗಳು ರಾಶಿಯನ್ನು ಕೆರೆದು ಮತ್ತೆ ಬೆಲ್ಟಿಗೆ ಹಾಕುತ್ತಿದ್ದವು. ಕೊನೆಯ ಬೆಲ್ಟು ಹಡಗಿನ ಮೇಲೆ ಚಾಚಿದ ಶಿಪ್‌ಲೋಡರಿನ ತುದಿಯಿಂದ ಹಡಗಿನ ಹೊಟ್ಟೆಗೆ ಸುರಿಯುತ್ತಿತ್ತು. 1987ರಲ್ಲಿ ಪೆಲೆಟ್ ಸ್ಥಾವರ ಶುರುವಾದ ಮೇಲೆ ಈ ಸರಪಣಿಗೆ ಮತ್ತಷ್ಟು ಕೊಂಡಿಗಳು ಸೇರಿದವು. ಪುಡಿಗೆ ಬೆಂಟೊನೈಟ್ ಜೇಡಿ ಬೆರೆಸಿ, ಓರೆಯಾಗಿ ತಿರುಗುವ ದೊಡ್ಡ ತಟ್ಟೆಗಳಲ್ಲಿ ಉಂಡೆ ಕಟ್ಟಿಸಿ, ಸುಮಾರು 1300 ಡಿಗ್ರಿ ಶಾಖದಲ್ಲಿ ಸುಟ್ಟರೆ 8ರಿಂದ 16 ಮಿ.ಮೀ. ಗಾತ್ರದ ಗಟ್ಟಿ ಪೆಲೆಟ್ ಸಿಗುತ್ತದೆ. ಕನ್ವೇಯರ್ ವಿನ್ಯಾಸಕಾರರಿಗೆ ಈ ಉಂಡೆಗಳು ತಲೆನೋವು. ಕಲ್ಲಿದ್ದಲನ್ನು 18 ಡಿಗ್ರಿ ಏರಿಯಲ್ಲಿ ಆರಾಮವಾಗಿ ಹತ್ತಿಸಬಹುದು. ದುಂಡನೆಯ ಪೆಲೆಟ್ ಆ ಏರಿಯಲ್ಲಿ ಹಿಂದಕ್ಕೆ ಉರುಳುತ್ತದೆ. ಆದ್ದರಿಂದ ಪೆಲೆಟ್ ಹೊರುವ ಬೆಲ್ಟಿನ ಏರಿಯನ್ನು 15 ಡಿಗ್ರಿಗಿಂತ ಕೆಳಗೇ ಇಡಬೇಕು. ಅದೇ ಎತ್ತರಕ್ಕೆ ಏರಲು ಬೆಲ್ಟ್ ಇನ್ನಷ್ಟು ಉದ್ದವಾಗುತ್ತದೆ, ಜಾಗವೂ ಹೆಚ್ಚು ಬೇಕಾಗುತ್ತದೆ.

ಬೆಲ್ಟ್ ಕನ್ವೇಯರಿನ ರಚನೆ ನೋಡಲು ಸರಳ. ಎರಡು ತುದಿಗಳಲ್ಲಿ ಎರಡು ಉರುಳೆ: ಹೆಡ್ ಪುಲ್ಲಿ, ಟೇಲ್ ಪುಲ್ಲಿ. ಅವುಗಳನ್ನು ಸುತ್ತಿದ ಕೊನೆಯಿಲ್ಲದ ಪಟ್ಟಿ. ಮೇಲಿನ ಮಗ್ಗುಲನ್ನು ಹೊರಲು ಮೂರು ಮೂರರ ಗುಂಪಿನಲ್ಲಿ ಐಡ್ಲರ್ ರೋಲರುಗಳು. ಪಕ್ಕದ ಎರಡು ಓರೆಯಾಗಿರುವುದರಿಂದ ಪಟ್ಟಿ ತೊಟ್ಟಿಯಂತೆ ಬಾಗಿ ಸರಕು ಚೆಲ್ಲದೆ ಉಳಿಯುತ್ತದೆ. ಖಾಲಿ ಮರಳುವ ಮಗ್ಗುಲು ಕೆಳಗಿನ ಚಪ್ಪಟೆ ರೋಲರುಗಳ ಮೇಲೆ ಬರುತ್ತದೆ. ಪಟ್ಟಿ ಸಡಿಲವಾದರೆ ಉರುಳೆಯ ಮೇಲೆ ಜಾರುತ್ತದೆ, ಅದಕ್ಕೆಂದು ಭಾರ ತೂಗುಬಿಟ್ಟು ಸದಾ ಬಿಗಿಯಾಗಿಡುತ್ತಾರೆ. ಪಟ್ಟಿಯ ಒಳಗೆ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯ ಪದರ, ತೀರಾ ಉದ್ದದ್ದಾದರೆ ಉಕ್ಕಿನ ತಂತಿ, ಹೊರಗೆ ರಬ್ಬರ್. ತುಂಡುಗಳನ್ನು ಒತ್ತಡ ಮತ್ತು ಶಾಖ ಕೊಟ್ಟು ಬೆಸೆಯುವುದಕ್ಕೆ ವಲ್ಕನೈಸಿಂಗ್ ಎನ್ನುತ್ತಾರೆ. ಬೆಲ್ಟ್ ಹರಿದ ದಿನ ಇಡೀ ಸ್ಥಾವರ ಕಾಯುವುದು ಈ ಬೆಸುಗೆ ಬಲ್ಲ ನಾಲ್ಕಾರು ಮಂದಿಯ ದಾರಿಯನ್ನು.

ತೊಂದರೆ ಹೆಚ್ಚು ಕಾಣುವುದು ಉದ್ದಕ್ಕೆ ಓಡುವಲ್ಲಿ ಅಲ್ಲ, ಒಂದು ಬೆಲ್ಟಿನಿಂದ ಇನ್ನೊಂದಕ್ಕೆ ಸರಕು ಬೀಳುವ ಚ್ಯೂಟ್‌ನಲ್ಲಿ. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನೆನೆದ ಕಲ್ಲಿದ್ದಲಿನ ಪುಡಿ ಚ್ಯೂಟ್‌ನ ಮೂಲೆಗೆ ಅಂಟುತ್ತದೆ, ಅದರ ಮೇಲೆ ಇನ್ನಷ್ಟು ಕೂರುತ್ತದೆ, ಕೊನೆಗೆ ಬಾಯಿಯೇ ಕಟ್ಟುತ್ತದೆ. ಹಿಂದಿನ ಬೆಲ್ಟ್ ಮಾತ್ರ ಸುರಿಯುತ್ತಲೇ ಇರುತ್ತದೆ. ಇಂಥ ಹೊತ್ತಿಗೆ ಅದನ್ನು ನಿಲ್ಲಿಸಬೇಕಾದ ಸಂವೇದಕ ಕೈಕೊಟ್ಟರೆ ಕ್ಷಣಾರ್ಧದಲ್ಲಿ ಟನ್‌ಗಟ್ಟಲೆ ಕಲ್ಲಿದ್ದಲು ನೆಲದ ಮೇಲೆ. ಮಳೆಗಾಲದ ರಾತ್ರಿಪಾಳಿ ಎಂದರೆ ಅರ್ಧ ಪಾಲು ಸಲಾಕೆ ಹಿಡಿದು ಚ್ಯೂಟ್ ಬಿಡಿಸುವ, ಸಲಿಕೆ ಹಿಡಿದು ಚೆಲ್ಲಿದ್ದನ್ನು ತೆಗೆಯುವ ಪಾಳಿ. ಇದರ ಮೇಲೆ ಉಪ್ಪುಗಾಳಿ. ಮುಚ್ಚಳ ಸರಿಯಿಲ್ಲದ ರೋಲರಿನ ಬೇರಿಂಗಿಗೆ ಅದು ಹೊಕ್ಕರೆ ರೋಲರ್ ಹಿಡಿದುಕೊಳ್ಳುತ್ತದೆ, ತಿರುಗದ ರೋಲರ್ ಪಟ್ಟಿಯನ್ನು ಸವೆಸುತ್ತದೆ, ಕೆಲವೊಮ್ಮೆ ಕಾದು ಬೆಂಕಿಗೂ ಕಾರಣವಾಗುತ್ತದೆ. ಕರಾವಳಿಯ ಕನ್ವೇಯರುಗಳಿಗೆ ಉದ್ದಕ್ಕೂ ತಗಡಿನ ಹೊದಿಕೆ ಇರುವುದು ಚೆಂದಕ್ಕಲ್ಲ.

ಸರಕು ನೆನೆಯುವುದರ ಅಪಾಯ ಬಂದರಿನ ಗೇಟಿಗೆ ಮುಗಿಯುವುದಿಲ್ಲ. 2009ರ ಜುಲೈನಲ್ಲಿ ಏಷ್ಯನ್ ಫಾರೆಸ್ಟ್ ಎಂಬ ಹಡಗು ನವಮಂಗಳೂರಿನಿಂದ ಅದಿರಿನ ಪುಡಿ ತುಂಬಿಕೊಂಡು ಹೊರಟು, ತೀರ ಬಿಟ್ಟು ಹೆಚ್ಚು ದೂರ ಹೋಗುವ ಮೊದಲೇ ಒಂದು ಮಗ್ಗುಲಿಗೆ ವಾಲಿ ಮುಳುಗಿತು. ಹಡಗಿನಲ್ಲಿದ್ದವರನ್ನು ಕರಾವಳಿ ಕಾವಲು ಪಡೆ ಪಾರುಮಾಡಿತು. ತೇವ ಮಿತಿಮೀರಿದ ಅದಿರುಪುಡಿ ಅಲೆಗಳ ಅಲುಗಾಟಕ್ಕೆ ಹಡಗಿನೊಳಗೇ ದ್ರವದಂತೆ ಹರಿಯತೊಡಗುತ್ತದೆ, ಆಮೇಲೆ ಹಡಗು ಸಮತೋಲ ಹಿಡಿಯಲಾರದು. ಅದೇ ವರ್ಷ ಪಾರಾದೀಪದ ಬಳಿ ಬ್ಲ್ಯಾಕ್ ರೋಸ್ ಎಂಬ ಅದಿರು ಹಡಗೂ ಮುಳುಗಿತು. ಮಳೆಗಾಲದಲ್ಲಿ ಬಯಲಿನಲ್ಲಿ ರಾಶಿ ಹಾಕಿದ ಅದಿರಿನ ತೇವಾಂಶ ಅಳೆಯದೆ ತುಂಬಬಾರದು ಎಂಬ ಬಿಗಿ ಬಂದದ್ದು ಇಂಥ ಅನುಭವಗಳ ಮೇಲೆ.

ಏಷ್ಯನ್ ಫಾರೆಸ್ಟ್ ಹೊತ್ತಿದ್ದ ಅದಿರು ಕುದುರೆಮುಖದ್ದಾಗಿರಲು ಸಾಧ್ಯವಿರಲಿಲ್ಲ. ಗಣಿ ಅಷ್ಟರಲ್ಲಿ ಮುಚ್ಚಿತ್ತು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾಗಿತ್ತು, 1999ರಲ್ಲಿ ಗಣಿ ಗುತ್ತಿಗೆ ಮುಗಿದಿತ್ತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಕಾಡಿನ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನ. ಭದ್ರೆಯ ಜಲಾನಯನ ಪ್ರದೇಶದಲ್ಲಿ, ಮಳೆಕಾಡಿನ ನಡುವೆ ಅಷ್ಟು ದೊಡ್ಡ ತೆರೆದ ಗಣಿಯನ್ನು ಇನ್ನೂ ಮುಂದುವರಿಸುವುದಕ್ಕೆ ಸಮರ್ಥನೆ ಕಷ್ಟ. ಆದರೆ ಯಂತ್ರಗಳ ಪಾಡು ಬೇರೆ. ಮೇಲಿನಿಂದ ಕೆಳಗೆ, ಒಂದೇ ಸರಕು, ಒಂದೇ ದಿಕ್ಕು ಎಂದು ಕಟ್ಟಿದ ಕೊಳವೆಗೆ ಆ ದಿನದಿಂದ ಕೆಲಸವಿಲ್ಲ. ಪೆಲೆಟ್ ಸ್ಥಾವರ ಉಳಿಯಿತು, ಆದರೆ ತಲೆಕೆಳಗಾಗಿ. ಛತ್ತೀಸಗಢದ ಬೈಲಾಡಿಲದ ಅದಿರು ವಿಶಾಖಪಟ್ಟಣದಲ್ಲಿ ಹಡಗು ಹತ್ತಿ, ಪರ್ಯಾಯದ್ವೀಪ ಸುತ್ತಿ ಪಣಂಬೂರಿಗೆ ಬರತೊಡಗಿತು. ಸ್ವಲ್ಪ ಭಾಗ ಸಂಡೂರಿನ ಕಡೆಯಿಂದ ರೈಲಿನಲ್ಲಿ. ಹಡಗು ತುಂಬಲೆಂದು ಕಟ್ಟಿದ ಜಾಗದಲ್ಲಿ ಹಡಗು ಖಾಲಿ ಮಾಡುವ ಏರ್ಪಾಡು ಬೇಕಾಯಿತು. ಮ್ಯಾಗ್ನಟೈಟ್ ಸುಡುವಾಗ ತಾನೇ ಒಂದಷ್ಟು ಶಾಖ ಕೊಡುತ್ತದೆ, ಹೊರಗಿನಿಂದ ತಂದ ಹೆಮಟೈಟ್ ಕೊಡುವುದಿಲ್ಲ. ಹೀಗಾಗಿ ಅರೆಯುವ, ಸುಡುವ ಕ್ರಮಗಳನ್ನೂ ಬದಲಿಸಬೇಕಾಯಿತು.

ಕನ್ವೇಯರಿನ ನಿಜವಾದ ದೌರ್ಬಲ್ಯ ಇದು. ಹೊರುವ ಖರ್ಚಿನಲ್ಲಿ ಅದನ್ನು ಮೀರಿಸುವ ಭೂಸಾಧನ ಕಡಿಮೆ, ಆದರೆ ಅದು ಇಪ್ಪತ್ತು ಮೂವತ್ತು ವರ್ಷಗಳ ಭರವಸೆ ಕೇಳುತ್ತದೆ. ಸರಕು ಬದಲಾಗಿ, ದಿಕ್ಕು ತಿರುಗಿದರೆ ಲಾರಿ ಬೇರೆ ಕಡೆ ಹೋಗುತ್ತದೆ, ಬೆಲ್ಟ್ ಹೋಗಲಾರದು. ಮಂಗಳೂರು ಬಂದರಿನ ಸರಕು ಒಂದೊಂದು ದಶಕಕ್ಕೆ ಒಂದೊಂದು ಬಗೆಯಾದುದರಿಂದ ಇಲ್ಲಿ ಬೆಲ್ಟೂ ಲಾರಿಯೂ ಒಟ್ಟೊಟ್ಟಿಗೆ ಉಳಿದುಕೊಂಡಿವೆ. 2000ದ ದಶಕದಲ್ಲಿ ಚೀನಾದ ಬೇಡಿಕೆ ಏರಿದಾಗ ಬಳ್ಳಾರಿ ಸೀಮೆಯ ಅದಿರು ಶಿರಾಡಿ ಘಾಟಿಯಲ್ಲಿ ಲಾರಿಯ ಮೇಲೆ ಇಳಿಯಿತು. ಹೆದ್ದಾರಿ ಕಿತ್ತುಹೋಯಿತು, ಬೈಕಂಪಾಡಿಯ ಗೋಡೆ, ಮರ, ಅಂಗಡಿಗಳ ಬೋರ್ಡುಗಳೆಲ್ಲ ಕೆಂಪಾದವು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಷೇಧಿಸಿದ ಮೇಲೆಯೇ ಆ ಧೂಳು ಅಡಗಿತು. ಅಷ್ಟು ಸಣ್ಣ ಅವಧಿಯ ಅಬ್ಬರವನ್ನು ನೆಚ್ಚಿ ಯಾರೂ ಘಟ್ಟಕ್ಕೆ ಬೆಲ್ಟ್ ಹಾಕುವಂತಿರಲಿಲ್ಲ ಎಂಬುದೂ ನಿಜ.

ಅದಿರು ಹೋದ ದಾರಿಯಲ್ಲಿ ಈಗ ಕಲ್ಲಿದ್ದಲು ಎದುರಾಗಿ ಬರುತ್ತದೆ. ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿರುವ 1200 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಆಮದು ಕಲ್ಲಿದ್ದಲನ್ನೇ ನಂಬಿದ್ದು. ಕಲ್ಲಿದ್ದಲು ನವಮಂಗಳೂರಿನಲ್ಲಿ ಇಳಿದು, ಬೆಲ್ಟಿನ ಮೇಲೆ ದಾಸ್ತಾನಿಗೆ ಹೋಗಿ, ಅಲ್ಲಿಂದ ಕೊಂಕಣ ರೈಲಿನಲ್ಲಿ ಪಡುಬಿದ್ರಿಯ ಕಡೆಗೆ ಸಾಗುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೂ ಇಲ್ಲಿಂದ ಕಲ್ಲಿದ್ದಲು ಘಟ್ಟ ಹತ್ತುತ್ತದೆ. ಸಿಮೆಂಟ್ ಮಾತ್ರ ಬೆಲ್ಟ್ ಏರುವುದಿಲ್ಲ. ಬಿಡಿಯಾಗಿ ಹಡಗಿನಲ್ಲಿ ಬರುವ ಸಿಮೆಂಟನ್ನು ಗಾಳಿಯ ಒತ್ತಡದಿಂದ ಕೊಳವೆಯಲ್ಲಿ ತಳ್ಳಿ ಸೈಲೋಗೆ ತುಂಬುತ್ತಾರೆ. ಇದಕ್ಕೆ ನ್ಯೂಮ್ಯಾಟಿಕ್ ಕನ್ವೇಯರ್ ಎಂದು ಹೆಸರು. ಪುಡಿ ಸರಕಿನ ಇನ್ನೊಂದು ತೊಂದರೆ ಧೂಳು. ಕುತ್ತೆತ್ತೂರಿನ ಎಂಆರ್‌ಪಿಎಲ್ ತೈಲಾಗಾರದ ಪೆಟ್‌ಕೋಕ್ ಘಟಕ ಶುರುವಾದಾಗ ಪಕ್ಕದ ಜೋಕಟ್ಟೆಯ ನಿವಾಸಿಗಳು ಕಪ್ಪು ಧೂಳು, ವಾಸನೆಗಳ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಪುಡಿ ಸರಕನ್ನು ಸಾಗಿಸುವ ಊರಿನಲ್ಲಿ ಬೆಲ್ಟಿಗೆ ಹೊದಿಕೆ, ದಾಸ್ತಾನಿಗೆ ಸೂರು, ಚ್ಯೂಟ್‌ಗೆ ನೀರಿನ ಸಿಂಪರಣೆ ಇವೆಲ್ಲ ಯೋಜನೆಯ ನಕ್ಷೆಯಲ್ಲೇ ಇರಬೇಕು, ಜನ ಬೀದಿಗಿಳಿದ ಮೇಲೆ ಅಲ್ಲ.

ಸಣ್ಣ ಕನ್ವೇಯರುಗಳು ದಕ್ಷಿಣ ಕನ್ನಡ ಜಿಲ್ಲೆಯ ತುಂಬ ಇವೆ, ಹೆಚ್ಚಿನವು ಆ ಹೆಸರಿನಿಂದ ಕರೆಸಿಕೊಳ್ಳುವುದೇ ಇಲ್ಲ. ಕುಚ್ಚಲಕ್ಕಿ ಮಿಲ್ಲುಗಳಲ್ಲಿ ಭತ್ತವನ್ನು ಮಾಳಿಗೆಗೆ ಏರಿಸುವ ಬಕೆಟ್ ಸಾಲಿಗೆ ‘ಎಲಿವೇಟರ್’ ಎನ್ನುತ್ತಾರೆ. ಉಳ್ಳಾಲದ ಕೋಟೆಪುರದ ಮೀನುಹಿಟ್ಟಿನ ಕಾರ್ಖಾನೆಗಳಲ್ಲಿ ಬೆಂದ ಮೀನನ್ನು ಮುಂದೆ ತಳ್ಳುವುದು ಸ್ಕ್ರೂ; ತಿರುಪಿನ ಏಣುಗಳು ತಿರುಗಿದಂತೆ ಜಿಗುಟು ಸರಕು ತೊಟ್ಟಿಯಲ್ಲಿ ಮುಂದೆ ಸರಿಯುತ್ತದೆ, ಆರ್ಕಿಮಿಡೀಸನ ಹೆಸರಿನ ಹಳೆಯ ಉಪಾಯ. ಮಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಕ್ಯಾಂಪ್ಕೊ ಸಹಕಾರ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ತೆರೆದ ಚಾಕೊಲೇಟ್ ಕಾರ್ಖಾನೆಯಲ್ಲಿ ಅಚ್ಚುಗಳು ತಣ್ಣನೆಯ ಸುರಂಗದ ಮೂಲಕ ಪಟ್ಟಿಯ ಮೇಲೆ ಸಾಗುತ್ತವೆ. ಬೇಗ ಸಾಗಿದರೆ ಚಾಕೊಲೇಟ್ ಅಚ್ಚು ಬಿಡುವುದಿಲ್ಲ.

ಸಾಮಾನ್ಯ ಮಂಗಳೂರಿಗರು ಮೈಮುಟ್ಟುವಷ್ಟು ಹತ್ತಿರ ನಿಲ್ಲುವ ಕನ್ವೇಯರ್ ವಿಮಾನ ನಿಲ್ದಾಣದ್ದು. ಬಜಪೆಯಲ್ಲಿ 1951ರ ಡಿಸೆಂಬರ್ 25ರಂದು ನೆಹರೂ ಇಳಿದ ದಿನದಿಂದ ಎಣಿಸಿದರೆ ನಿಲ್ದಾಣ ಹಳೆಯದು. ದುಬೈಗೆ ನೇರ ವಿಮಾನ ಸಿಕ್ಕಿದ್ದು 2006ರಲ್ಲಿ, ಕೆಂಜಾರಿನ ಹೊಸ ಟರ್ಮಿನಲ್ ಬಂದದ್ದು 2010ರ ಮೇ ತಿಂಗಳಲ್ಲಿ. ಸಾಮಾನು ಸುತ್ತಿ ಬರುವ ಪಟ್ಟಿ ಒಂದೇ ಹಾಳೆಯದಲ್ಲ. ಒಂದರ ಮೇಲೊಂದು ಅರ್ಧ ಹೊದ್ದ ಬಾಗಿದ ಪಟ್ಟೆಗಳನ್ನು ಸರಪಣಿಗೆ ಜೋಡಿಸಿರುತ್ತಾರೆ, ತಿರುವಿನಲ್ಲಿ ಪಟ್ಟೆಗಳು ಒಂದರ ಮೇಲೊಂದು ಜಾರಿ ಜಾಗ ಮಾಡಿಕೊಡುತ್ತವೆ. ಗಲ್ಫ್ ವಿಮಾನ ಬಂದ ಹೊತ್ತಿಗೆ ಅದರ ಮೇಲೆ ಬರುವುದು ಸೂಟ್‌ಕೇಸಿಗಿಂತ ರಟ್ಟಿನ ಪೆಟ್ಟಿಗೆಗಳೇ: ನೈಲಾನ್ ಹಗ್ಗದ ಕಟ್ಟು, ನಾಲ್ಕೂ ಮಗ್ಗುಲಲ್ಲಿ ದಪ್ಪ ಮಾರ್ಕರಿನಲ್ಲಿ ಹೆಸರು, ಊರು. ಬೆಲ್ಟಿನ ಅಂಚಿಗೆ ಮಕ್ಕಳನ್ನು ಕೂರಿಸಬಾರದು ಎಂಬ ಫಲಕಗಳನ್ನು ಓದುವವರು ಕಡಿಮೆ. ಪಟ್ಟೆಗಳ ಸಂದಿಗೆ ಬೆರಳು, ಸೀರೆಯ ಸೆರಗು, ಶೂ ದಾರ ಸಿಕ್ಕುವುದಕ್ಕೆ ಅರೆಗಳಿಗೆ ಸಾಕು.

ಕಾರ್ಖಾನೆಯ ಬೆಲ್ಟಿನಲ್ಲಿ ಇದೇ ಅಪಾಯ ಜೀವಕ್ಕೆ ಎರವಾಗುವಷ್ಟು. ಪಟ್ಟಿ ಉರುಳೆಯನ್ನು ಮುಟ್ಟುವ ಸಂದಿಯಲ್ಲಿ ಕೈ ಸಿಕ್ಕರೆ ಎಳೆದುಕೊಳ್ಳುವ ಮುನ್ನ ತೋಳು ಹೋಗಿರುತ್ತದೆ. ಚಲಿಸುವ ಯಂತ್ರಕ್ಕೆ ಬೇಲಿ ಇರಬೇಕು, ಅದರ ಬಳಿ ಕೆಲಸ ಮಾಡುವವರು ತರಬೇತಿ ಪಡೆದಿರಬೇಕು, ಮೈಗಂಟಿದ ಉಡುಪು ತೊಡಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಬೆಲ್ಟಿನುದ್ದಕ್ಕೂ ಸೊಂಟದೆತ್ತರದಲ್ಲಿ ಎಳೆದಿರುವ ಹಗ್ಗ, ಪುಲ್ ಕಾರ್ಡ್, ಎಲ್ಲಿ ಎಳೆದರೂ ಬೆಲ್ಟ್ ನಿಲ್ಲಬೇಕು. ಅಪಘಾತಗಳು ಹೆಚ್ಚಾಗಿ ಆಗುವುದು ಬೆಲ್ಟ್ ನಿಲ್ಲಿಸದೆ ಅಂಟಿದ್ದನ್ನು ಕೆರೆಯಲು ಹೋದಾಗ. ನಿಲ್ಲಿಸಿದರೆ ಉತ್ಪಾದನೆ ಹೋಗುತ್ತದೆಂಬ ಮೇಲಿನವರ ಅವಸರಕ್ಕೆ ಬೆಲೆ ತೆರುವವರು ಕೆಳಗಿನ ಗುತ್ತಿಗೆ ಕಾರ್ಮಿಕರು.

ಕರ್ನಾಟಕದ ದೊಡ್ಡ ಕನ್ವೇಯರ್ ಈಗ ಕರಾವಳಿಯಲ್ಲಿಲ್ಲ, ಬಳ್ಳಾರಿಯಲ್ಲಿದೆ. ಸಂಡೂರಿನ ನಂದಿಹಳ್ಳಿಯ ಕಡೆಯಿಂದ ತೋರಣಗಲ್ಲಿಗೆ ಸುಮಾರು 24 ಕಿ.ಮೀ. ಉದ್ದದ ಪೈಪ್ ಕನ್ವೇಯರ್ ಅದಿರು ಹೊರುತ್ತಿದೆ. ಇದರಲ್ಲಿ ಪಟ್ಟಿಯನ್ನೇ ಕೊಳವೆಯಂತೆ ಸುತ್ತಿರುವುದರಿಂದ ಧೂಳು ಹೊರಬೀಳದು, ತಿರುವುಗಳಲ್ಲಿ ಸಲೀಸಾಗಿ ಹೊರಳುತ್ತದೆ. ಜಗತ್ತಿನ ಲೆಕ್ಕದಲ್ಲಿ ಇದೂ ಚಿಕ್ಕದೇ, ಪಶ್ಚಿಮ ಸಹಾರದ ಬೂ ಕ್ರಾ ಫಾಸ್ಫೇಟ್ ಗಣಿಯಿಂದ ಕಡಲಿಗೆ ಹೋಗುವ ಬೆಲ್ಟ್ ಸಾಲು ಸುಮಾರು 98 ಕಿ.ಮೀ. ಉದ್ದವಿದೆ.

ಕೆಐಒಸಿಎಲ್ ಎಂದು ಹೆಸರು ಬದಲಿಸಿಕೊಂಡ ಕುದುರೆಮುಖ ಕಂಪನಿ ತನ್ನ ಪಣಂಬೂರಿನ ಸ್ಥಾವರಕ್ಕೆ ಸ್ವಂತ ಗಣಿ ಬೇಕೆಂದು ಸಂಡೂರಿನ ದೇವದಾರಿ ಬೆಟ್ಟವನ್ನು ಕೇಳುತ್ತಾ ಬಂದಿದೆ. 2024ರ ಜೂನ್‌ನಲ್ಲಿ ಕೇಂದ್ರ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಆ ಕಡತಕ್ಕೆ ಸಹಿ ಹಾಕಿದರು; ಕುದುರೆಮುಖದ ಅರಣ್ಯ ಉಲ್ಲಂಘನೆಗಳ ಬಾಕಿ ತೀರುವವರೆಗೆ ಭೂಮಿ ಹಸ್ತಾಂತರಿಸಬಾರದು ಎಂದು ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ತಡೆದರು. ಆ ಅದಿರು ಸಿಕ್ಕರೂ ಪಣಂಬೂರಿಗೆ ಬರಬೇಕಾದದ್ದು ರೈಲಿನಲ್ಲಿ. ಘಟ್ಟದಿಂದ ಇಳಿದು ಬರುವ 67 ಕಿ.ಮೀ. ಕೊಳವೆಗೆ ಅದರಿಂದ ಕೆಲಸ ಸಿಗುವುದಿಲ್ಲ.